ಮಂಡಿ ಬದಲಿಸಿದವರ ಸ್ಟಿಕ್ಕರ್ ಎಲ್ಲಿದೆ?

2017ರಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿದ್ದು ಒಳ್ಳೆಯದೇ ಆಯಿತು. ನಮ್ಮ ಸಾಲಗುಂದ ಕಡೆಯ ಹಿರಿಯರು ಆಪರೇಷನ್ ಮಾಡಿಸಿಕೊಂಡು ನಡೆದಾಡಲಿ. ಆದರೆ ಬಚ್ಚಲಲ್ಲಿ ಜಾರಿ, ಕೃತಕ ಮಂಡಿಯ ಮೇಲೆಯೇ ತೊಡೆ ಮೂಳೆ ಮುರಿದರೆ?

ಇಂಪ್ಲಾಂಟ್ ಗಟ್ಟಿ ಕೂತಿದ್ದರೆ ಸಾಮಾನ್ಯವಾಗಿ ಪ್ಲೇಟ್ ಇಲ್ಲವೇ ರಾಡ್ ಹಾಕುತ್ತಾರೆ. ಸಡಿಲವಾಗಿದ್ದರೆ ಮಂಡಿಯನ್ನೇ ಮತ್ತೆ ಬದಲಿಸಬೇಕಾಗುತ್ತದೆ. ಮಂಡಿ ಕಡೆಯಿಂದ ರಾಡ್ ತೂರುತ್ತದೋ ಇಲ್ಲವೋ ಎಂಬುದಂತೂ ಇಂಪ್ಲಾಂಟಿನ ಮಾದರಿ ಮೇಲೆ ನಿಂತಿದೆ. ಆ ಮಾದರಿ ಬರೆದ ಸ್ಟಿಕ್ಕರ್ ದೂರದ ಆಸ್ಪತ್ರೆಯ ಕಡತದಲ್ಲಿ ಕೂತರೆ ಇಲ್ಲಿನ ಡಾಕ್ಟರು ಏನು ನೋಡಿ ತೀರ್ಮಾನಿಸಬೇಕು?

ಎಣ್ಣೆ ತಿಕ್ಕಿ, ಬಿದಿರು ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಮಲಗಿಸುವುದು ದಾರಿಯಲ್ಲ. ಹಾಸಿಗೆ ಹುಣ್ಣು, ನ್ಯುಮೋನಿಯಾ ಕಾದಿರುತ್ತವೆ. ಡಿಸ್ಚಾರ್ಜ್ ಚೀಟಿಗೇ ಸ್ಟಿಕ್ಕರ್ ಅಂಟಿಸಿ ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ ಎಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಮನೆಯವರೇ ಕೇಳಿ ಪಡೆದು, ರೇಷನ್ ಕಾರ್ಡ್ ಜೊತೆ ಇಟ್ಟುಕೊಳ್ಳಿ.