ಬೆಕ್ಕಿನ ಕಿವಿಯ ಅಂಚಿನಲ್ಲಿ ಒಂದು ಹನಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಕಬ್ಬಿನ ಸೀಮೆ. ಹಂಗಾಮು ಬಂತೆಂದರೆ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟೆಗಳು. ಇಲ್ಲಿಯ ಮಗು ಮಾತು ಕಲಿಯುವ ಮೊದಲೇ ಸಿಹಿಯನ್ನು ಕಲಿಯುತ್ತದೆ. ಆದರೆ ಅದೇ ಮನೆಯ ಒಲೆಯ ಬದಿಯಲ್ಲಿ ಮಲಗಿರುವ ಬೆಕ್ಕಿಗೆ ಬೆಲ್ಲವೂ ಒಂದೇ, ಬೆಣಚುಕಲ್ಲೂ ಒಂದೇ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ನಾಲಿಗೆಯ ಮೇಲೆ ಸಿಹಿಯನ್ನು ಗುರುತಿಸುವ ಗ್ರಾಹಕವನ್ನು ಕಟ್ಟಲು ಎರಡು ವಂಶವಾಹಿಗಳು ಬೇಕು. ಬೆಕ್ಕಿನಲ್ಲಿ ಅವುಗಳ ಪೈಕಿ ಒಂದು ಕೆಟ್ಟು ಕೂತಿದೆಯೆಂದು 2005ರಲ್ಲಿ ಅಮೆರಿಕದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟರು. ಹುಲಿ, ಚೀತಾಗಳದೂ ಅದೇ ಕಥೆ. ಬೆಕ್ಕು ಪೇಢೆಯನ್ನು ನೆಕ್ಕಿದರೆ ಅದು ಸಕ್ಕರೆಗಾಗಿ ಅಲ್ಲ, ಹಾಲಿನ ಜಿಡ್ಡಿಗಾಗಿ.

ಸಿಹಿಯ ಗಂಧವೇ ಇಲ್ಲದ ಈ ಪ್ರಾಣಿಗೂ ಸಿಹಿಮೂತ್ರ ರೋಗ ಬರುತ್ತದೆ ಎಂದರೆ ಬಹಳಷ್ಟು ಜನ ನಂಬುವುದಿಲ್ಲ. ಮುಧೋಳದ ಬೇಟೆನಾಯಿಗೆ ಹೆಸರುಂಟು, 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿಯೂ ಬಂದಿತು. ತಿಮ್ಮಾಪುರದಲ್ಲಿ ಅದಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಆದರೆ ಮಗ್ಗದ ಮನೆಯಲ್ಲಿ ನೂಲನ್ನು, ಹಗೇವಿನ ಬಳಿ ಕಾಳನ್ನು ಇಲಿಯಿಂದ ಕಾಯುವ ಬೆಕ್ಕಿಗೆ ಅಂಥ ಭಾಗ್ಯವಿಲ್ಲ. ಅದು ಸೊರಗಿದರೆ 'ವಯಸ್ಸಾಯಿತು' ಎನ್ನುತ್ತಾರೆ. ಒಂದು ದಿನ ಕಾಣದಾದರೆ 'ಎಲ್ಲಿಯೋ ಹೋಯಿತು' ಎನ್ನುತ್ತಾರೆ. ಹೀಗೆ ಹೋದ ಬೆಕ್ಕುಗಳಲ್ಲಿ ಕೆಲವಾದರೂ ಉಳಿಸಬಹುದಾಗಿದ್ದವು.

ರೋಗದ ಲಕ್ಷಣಗಳು ಮನುಷ್ಯರವೇ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಚೆನ್ನಾಗಿ ತಿನ್ನುತ್ತಿದ್ದರೂ ತೂಕ ಇಳಿಯುವುದು. ಬೆಕ್ಕಿನಲ್ಲಿ ಇನ್ನೊಂದು ವಿಶೇಷ ಗುರುತು ಕಾಣಬಹುದು. ಸಾಮಾನ್ಯವಾಗಿ ಬೆರಳುಗಳ ಮೇಲೆ ನಡೆಯುವ ಬೆಕ್ಕು, ರೋಗ ಬಲಿತು ನರಗಳು ಸೋತಾಗ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗುತ್ತದೆ. ಮಾಳಿಗೆಗೆ ಒಂದೇ ನೆಗೆತಕ್ಕೆ ಏರುತ್ತಿದ್ದದ್ದು ಕಟ್ಟೆ ಹತ್ತಲೂ ಹಿಂದೆಮುಂದೆ ನೋಡುತ್ತದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಮನುಷ್ಯರಲ್ಲಿ ಗಮನಿಸಿ ರೋಗಕ್ಕೆ 'ಮಧುಮೇಹ' ಎಂದು ಹೆಸರಿಟ್ಟರು. ಬೆಕ್ಕು ತನ್ನ ಮೂತ್ರವನ್ನು ಮಣ್ಣಿನಲ್ಲಿ ಮುಚ್ಚಿಬಿಡುವುದರಿಂದ ಆ ಸಾಕ್ಷಿ ನಮ್ಮ ಕಣ್ಣಿಗೆ ಬೀಳುವುದು ಅಪರೂಪ.

ಕಾರಣವೇನು? ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಸಾಲದಾಗುವುದು, ಅಥವಾ ಇದ್ದ ಇನ್ಸುಲಿನ್ನಿನ ಮಾತನ್ನು ದೇಹ ಕೇಳದಿರುವುದು. ಬೆಕ್ಕಿನಲ್ಲಿ ಸಾಮಾನ್ಯವಾಗಿ ಇವೆರಡೂ ಕೂಡಿರುತ್ತವೆ. ಬೊಜ್ಜು ಬೆಳೆದ, ಓಡಾಟವಿಲ್ಲದ, ಬೀಜ ತೆಗೆಸಿದ ಗಂಡುಬೆಕ್ಕುಗಳಲ್ಲಿ ಇದು ಹೆಚ್ಚು. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ದೊರೆಯುವುದು ಬಹುಪಾಲು ನೀರು, ಸಸಾರಜನಕ ಮತ್ತು ಕೊಬ್ಬು. ಪಿಷ್ಟ ತೀರ ಅಲ್ಪ. ರೊಟ್ಟಿ-ಹಾಲು, ಅನ್ನ-ಹಾಲು ತಿಂದು ಮಲಗುವ ಬೆಕ್ಕಿನ ಲೆಕ್ಕ ಬೇರೆ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಶಾಕಾಹಾರಿ ಮನೆಯವರು ಬೆಕ್ಕು ಸಾಕುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಆಹಾರದ ವಿಷಯವಾಗಿ ಪಶುವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ಇನ್ನು ರೋಗವನ್ನು ಖಚಿತಪಡಿಸಿಕೊಳ್ಳುವ ಪ್ರಶ್ನೆ. ಆರೋಗ್ಯವಂತ ಬೆಕ್ಕಿನ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 80ರಿಂದ 120 ಮಿಲಿಗ್ರಾಂ ಗ್ಲುಕೋಸ್ ಇರುತ್ತದೆ. ಮನುಷ್ಯರಲ್ಲಿ ಇದು 180 ದಾಟಿದರೆ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತದೆ. ಬೆಕ್ಕಿನಲ್ಲಿ ಆ ಗಡಿ ಸುಮಾರು 270. ಇಲ್ಲಿಯೇ ಒಂದು ತೊಡಕು. ಬೆಕ್ಕನ್ನು ಚೀಲದಲ್ಲಿ ಹಾಕಿ, ಮೋಟಾರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು, ನಾಯಿಗಳು ಬೊಗಳುವ ಪಶು ಆಸ್ಪತ್ರೆಗೆ ಒಯ್ದು, ನಾಲ್ಕು ಜನ ಹಿಡಿದು ರಕ್ತ ತೆಗೆದರೆ ಏನಾಗುತ್ತದೆ? ಹೆದರಿಕೆಯಿಂದ ಅಡ್ರಿನಲಿನ್ ಉಕ್ಕುತ್ತದೆ. ಓಡಲು, ಹೋರಾಡಲು ಬೇಕಾಗಬಹುದೆಂದು ಪಿತ್ತಜನಕಾಂಗವು ತನ್ನ ಉಗ್ರಾಣದ ಗ್ಲುಕೋಸನ್ನು ರಕ್ತಕ್ಕೆ ಸುರಿಯುತ್ತದೆ. ರೋಗವೇ ಇಲ್ಲದ ಬೆಕ್ಕಿನಲ್ಲಿಯೂ ಸಂಖ್ಯೆ 300ರ ಆಸುಪಾಸಿಗೆ ಏರಬಹುದು. ಆ ಒಂದೇ ಸಂಖ್ಯೆಯನ್ನು ನಂಬಿ ಇನ್ಸುಲಿನ್ ಪ್ರಮಾಣ ಹೆಚ್ಚಿಸಿದರೆ, ಮನೆಗೆ ಮರಳಿ ಶಾಂತವಾದ ಬೆಕ್ಕಿನ ಪ್ರಾಣಕ್ಕೇ ಕುತ್ತು. ಕಳೆದ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮಿನ್ ಎಂಬ ಪರೀಕ್ಷೆ ಈ ಗೊಂದಲವನ್ನು ಬಿಡಿಸುತ್ತದೆ. ದಿನನಿತ್ಯದ ಲೆಕ್ಕಕ್ಕೆ ಮಾತ್ರ ಮನೆಯಲ್ಲಿಯೇ, ಬೆಕ್ಕಿನ ನಿತ್ಯದ ಜಾಗದಲ್ಲಿಯೇ ನೋಡುವುದು ಲೇಸು.

ರಬಕವಿಯ ಒಂದು ನೇಕಾರರ ಮನೆ ಎಂದಿಟ್ಟುಕೊಳ್ಳಿ. ವೈದ್ಯರು ಬೆಕ್ಕಿಗೆ ಸಕ್ಕರೆ ರೋಗವೆಂದು ಹೇಳಿ, ಇನ್ಸುಲಿನ್ ಬರೆದುಕೊಟ್ಟು, ಮನೆಯಲ್ಲಿ ಪರೀಕ್ಷೆ ಮಾಡಿ ಎಂದಿದ್ದಾರೆ. ಅತ್ತೆ ನಗುತ್ತಾಳೆ: "ಬೆಕ್ಕಿಗೂ ಸಕ್ಕರಿ ಬ್ಯಾನಿ ಅಂತ! ಕೇಳಿದ್ದಿಲ್ಲ ಬಿಡವಾ." ಸೊಸೆ ಹೇಳುತ್ತಾಳೆ: "ದಿನಾ ಮುಂಜಾನೆ ನಿಮ್ಮ ಬೆರಳಿಗೆ ಚುಚ್ಚಿ ನೋಡ್ತೀನಲ್ರಿ ಅತ್ತಿ, ಹಂಗ ಇದರ ಕಿವಿಗೆ." ಇಂಥ ಮನೆಗಳು ಇಂದು ಊರೂರಿಗೂ ಇವೆ. ಅತ್ತೆಗೆ ಚುಚ್ಚಿದ ಕೈಗೆ ಬೆಕ್ಕಿಗೆ ಚುಚ್ಚುವುದು ಕಲಿಯಲಾಗದ ವಿದ್ಯೆಯೇನಲ್ಲ.

ಕಲಿಯುವ ಕ್ರಮ ಮಾತ್ರ ನಿಧಾನದ್ದಾಗಿರಬೇಕು. ಮೊದಲ ಕೆಲವು ದಿನ ಸೂಜಿಯ ಮಾತೇ ಬೇಡ. ದಿನವೂ ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ, ಅದೇ ಹಾಸಿನ ಮೇಲೆ ಬೆಕ್ಕನ್ನು ಕೂರಿಸಿ ಕಿವಿಯನ್ನು ಮೆಲ್ಲಗೆ ಸವರಿ, ಅದಕ್ಕೆ ಇಷ್ಟವಾದ ಒಂದು ಚೂರು ಬೇಯಿಸಿದ ಮೊಟ್ಟೆಯನ್ನೋ ಮೀನನ್ನೋ ಕೊಡಬೇಕು. ಮರುದಿನಗಳಲ್ಲಿ ಸೂಜಿಯಿಲ್ಲದ ಪೆನ್ನಿನ 'ಟಕ್' ಶಬ್ದ ಕೇಳಿಸಬೇಕು, ಮತ್ತೆ ಒಂದು ಚೂರು. ಗಂಟೆ ಬಾರಿಸಿ ನಾಯಿಯ ಬಾಯಲ್ಲಿ ನೀರೂರಿಸಿದ ಪಾವ್‌ಲೋವ್‌ನ ಪಾಠ ಇದೇ. ಶಬ್ದಕ್ಕೂ ತಿಂಡಿಗೂ ನಂಟು ಬೆಳೆದ ಮೇಲೆ ಬೆಕ್ಕು ತಾನಾಗಿಯೇ ಬಂದು ಕೂರುವುದುಂಟು.

ಕಿವಿಯನ್ನು ಬೆಳಕಿಗೆ ಹಿಡಿದರೆ ಹೊರ ಅಂಚಿನುದ್ದಕ್ಕೂ ಒಂದು ಸಣ್ಣ ರಕ್ತನಾಳ ಕಾಣುತ್ತದೆ. ಚುಚ್ಚಬೇಕಾದದ್ದು ಆ ನಾಳಕ್ಕಲ್ಲ. ನಾಳಕ್ಕೂ ಕಿವಿಯ ಅಂಚಿಗೂ ನಡುವಿನ ಕಿರಿದಾದ ಜಾಗಕ್ಕೆ. ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊದಲು ತಮ್ಮ ಮುಂಗೈಗೆ ಇಟ್ಟು ನೋಡಿ, ಸುಡದಿದ್ದರೆ ಅರ್ಧ ನಿಮಿಷ ಕಿವಿಗೆ ಒತ್ತಿ ಹಿಡಿದು, ಆಮೇಲೆ ತೇವ ಒರೆಸಬೇಕು. ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ರಕ್ತ ಕೂದಲಿಗೆ ಹರಡದೆ ಗುಂಡಗೆ ಹನಿಯಾಗಿ ನಿಲ್ಲುತ್ತದೆ. ಕಿವಿಯ ಹಿಂದೆ ಮಡಿಸಿದ ಹತ್ತಿಯನ್ನು ಒತ್ತಾಗಿ ಹಿಡಿದರೆ ಸೂಜಿ ತಮ್ಮ ಬೆರಳಿಗೆ ನಾಟುವುದಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕ ಹನಿ ಸಾಕು. ಈಗಿನ ಅನೇಕ ಯಂತ್ರಗಳಿಗೆ ಒಂದು ಮೈಕ್ರೋಲೀಟರಿಗೂ ಕಡಿಮೆ ರಕ್ತ ಸಾಲುತ್ತದೆ. ಪಟ್ಟಿಯ ತುದಿಯನ್ನು ಹನಿಗೆ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಬಳಿಕ ಒಂದು ನಿಮಿಷ ಹತ್ತಿಯಿಂದ ಅದುಮಿ, ತಿಂಡಿ ಕೊಟ್ಟರೆ ಮುಗಿಯಿತು. ಎರಡು ಸಲ ಚುಚ್ಚಿದರೂ ಹನಿ ಬಾರದಿದ್ದರೆ ಅಂದಿಗೆ ಬಿಟ್ಟುಬಿಡುವುದೇ ಜಾಣತನ. ಬೆಕ್ಕಿನ ವಿಶ್ವಾಸ ಕೆಟ್ಟರೆ ಯಂತ್ರವಿದ್ದೂ ಪ್ರಯೋಜನವಿಲ್ಲ. ಅತ್ತೆಗೆ ಬಳಸಿದ ಸೂಜಿಯನ್ನು ಬೆಕ್ಕಿಗಾಗಲಿ, ಬೆಕ್ಕಿನದನ್ನು ಅತ್ತೆಗಾಗಲಿ ಬಳಸಲೇಕೂಡದು. ಪ್ರತಿ ಸಲವೂ ಹೊಸ ಸೂಜಿ. ಬೆಕ್ಕು ಪರಚಿದರೆ, ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು.

ಯಂತ್ರದ ಒಳಗುಟ್ಟು ಸರಳವಾಗಿದೆ. ಪಟ್ಟಿಯ ಮೇಲೆ ಗ್ಲುಕೋಸನ್ನು ಮಾತ್ರ ಆರಿಸಿ ಉತ್ಕರ್ಷಿಸುವ ಕಿಣ್ವವಿದೆ. ಆ ಕ್ರಿಯೆಯಲ್ಲಿ ಹೊರಬರುವ ಇಲೆಕ್ಟ್ರಾನುಗಳು ಸೂಕ್ಷ್ಮ ವಿದ್ಯುತ್ತಾಗಿ ಹರಿಯುತ್ತವೆ; ಗ್ಲುಕೋಸ್ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಈ ಉಪಾಯವನ್ನು 1962ರಲ್ಲಿ ಮುಂದಿಟ್ಟವರು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್. ಅದಕ್ಕೂ ಮೊದಲು ಇದ್ದದ್ದು ಹೈಸ್ಕೂಲಿನ ಮಕ್ಕಳಿಗೂ ಪರಿಚಿತವಾದ ಬೆನೆಡಿಕ್ಟ್ ದ್ರಾವಣ. ಮೂತ್ರ ಸೇರಿಸಿ ಕಾಯಿಸಿದಾಗ ನೀಲಿ ಹಸಿರಾಗಿ, ಹಳದಿಯಾಗಿ, ಇಟ್ಟಿಗೆ ಕೆಂಪಿಗೆ ತಿರುಗುವುದನ್ನು ನೋಡಿ ಸಕ್ಕರೆಯನ್ನು ಅಂದಾಜು ಮಾಡುತ್ತಿದ್ದರು.

ಆದರೆ ಮನುಷ್ಯರ ಯಂತ್ರವನ್ನು ಬೆಕ್ಕಿಗೆ ಬಳಸುವಾಗ ಒಂದು ಎಚ್ಚರ ಬೇಕು. ಮನುಷ್ಯರ ರಕ್ತದ ಗ್ಲುಕೋಸಿನಲ್ಲಿ ಸುಮಾರು ಶೇಕಡಾ 42 ಭಾಗ ಕೆಂಪು ಕಣಗಳೊಳಗೆ, 58 ಭಾಗ ಪ್ಲಾಸ್ಮಾದಲ್ಲಿ ಇರುತ್ತದೆ. ಬೆಕ್ಕಿನಲ್ಲಿ ಕಣಗಳ ಪಾಲು ಬರೀ 7, ಪ್ಲಾಸ್ಮಾದ ಪಾಲು 93. ಮನುಷ್ಯರಿಗೆಂದು ಅಳವಡಿಸಿದ ಯಂತ್ರವು ಬೆಕ್ಕಿನಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಮಾಡಿದ ಯಂತ್ರಗಳಿವೆ. ಅವು ಸಿಗದಿದ್ದರೆ ಯಾವಾಗಲೂ ಒಂದೇ ಯಂತ್ರವನ್ನು ಬಳಸಿ, ಒಮ್ಮೆ ಪ್ರಯೋಗಾಲಯದ ಫಲಿತಾಂಶದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ವೈದ್ಯರಿಗೆ ತಿಳಿಸಬೇಕು.

ಒಂದು ಸಂಖ್ಯೆಯಿಂದ ಏನೂ ತಿಳಿಯದು. ಇನ್ಸುಲಿನ್ ಕೊಡುವ ಮುನ್ನ ಒಮ್ಮೆ, ಅನಂತರ ಎರಡೆರಡು ಗಂಟೆಗೊಮ್ಮೆ ಹನ್ನೆರಡು ಗಂಟೆಗಳವರೆಗೆ ನೋಡಿ ಚೌಕುಳಿ ಕಾಗದದ ಮೇಲೆ ಗುರುತಿಸಿದರೆ ಒಂದು ವಕ್ರರೇಖೆ ಮೂಡುತ್ತದೆ. ಇಂಥದನ್ನು ವೈದ್ಯರು ಹೇಳಿದ ದಿನ ಮಾತ್ರ ಮಾಡಿದರೆ ಸಾಕು. ರೇಖೆ ಎಷ್ಟು ಕೆಳಗಿಳಿಯಿತು, ಯಾವ ಹೊತ್ತಿಗೆ ಇಳಿಯಿತು, ಎಷ್ಟು ಹೊತ್ತು ಅಲ್ಲಿ ನಿಂತಿತು ಎಂಬುದೇ ವೈದ್ಯರಿಗೆ ಬೇಕಾದ ಸಂಗತಿ. ಪ್ರಮಾಣ ಬದಲಿಸುವುದು ಅವರ ಕೆಲಸ. ಬರೆದಿಡುವುದು ಮನೆಯವರ ಕೆಲಸ.

ಹೆದರಬೇಕಾದದ್ದು ಹೆಚ್ಚಿನ ಸಂಖ್ಯೆಗಿಂತ ಕಡಿಮೆಯ ಸಂಖ್ಯೆಗೆ. ಅರವತ್ತರ ಕೆಳಗೆ ಇಳಿದರೆ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಬಂದು ಬೀಳಬಹುದು. ಆಗ ಸಕ್ಕರೆಯ ಪಾಕವನ್ನೋ ಜೋನಿ ಬೆಲ್ಲವನ್ನೋ ಬೆರಳಿನಿಂದ ವಸಡಿಗೆ ಸವರಿ ಕೂಡಲೇ ವೈದ್ಯರನ್ನು ಕರೆಯಬೇಕು. ಎಚ್ಚರವಿಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ.

ಸಿರಿಂಜಿನ ವಿಷಯದಲ್ಲಿಯೂ ಮೈಮರೆಯುವಂತಿಲ್ಲ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಇನ್ಸುಲಿನ್ನೂ ಇದೆ, 100 ಯೂನಿಟ್ಟಿನದೂ ಇದೆ. ಮೊದಲನೆಯದರ ಸಿರಿಂಜಿಗೆ ಕೆಂಪು ಟೊಪ್ಪಿಗೆ, ಎರಡನೆಯದಕ್ಕೆ ಕಿತ್ತಳೆ ಟೊಪ್ಪಿಗೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಒಂದು ಗೆರೆ ಎಳೆದರೆ ಹೋಗುವುದು ಎರಡೂವರೆ ಯೂನಿಟ್. ನಾಲ್ಕು ಕಿಲೋ ತೂಗುವ ಪ್ರಾಣಿಗೆ ಅದು ಸಾವು ಬದುಕಿನ ಅಂತರ.

ಇಷ್ಟೆಲ್ಲ ಒಂದು ಬೆಕ್ಕಿಗಾಗಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಪಟ್ಟಿಗಳಿಗೆ ಹಣ ಬೇಕು, ದಿನಕ್ಕೆ ಎರಡು ಸಲ ಸೂಜಿಗೆ ಹೊತ್ತು ಬೇಕು. ಪಾವಲಿಗೆ ಮಗ್ಗ ನಡೆಸುವವರಿಗೆ ಎರಡೂ ದುಬಾರಿಯೇ. ಆದರೆ ಉತ್ತರ ಹೇಳುವ ಮುನ್ನ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ನಾಯಿಯಲ್ಲಿ ಈ ರೋಗ ಸಾಮಾನ್ಯವಾಗಿ ಜೀವನಪರ್ಯಂತ; ಆದರೆ ಬೇಗನೆ ಗುರುತಿಸಿ ಆಹಾರ, ಇನ್ಸುಲಿನ್ನುಗಳಿಂದ ಹದಕ್ಕೆ ತಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ. ಆ ದಿನ ಬಂದದ್ದನ್ನು ಸಮಯಕ್ಕೆ ಸರಿಯಾಗಿ ಹೇಳುವುದು ಮನೆಯಲ್ಲಿ ನೋಡುವ ಆ ಹನಿಯೇ. ನೋಡದೆ ಹಳೆಯ ಲೆಕ್ಕದಲ್ಲಿ ಸೂಜಿ ಹಾಕುತ್ತ ಹೋದರೆ ಗುಣವಾದ ಬೆಕ್ಕೇ ಸಾಯಬಹುದು.

ಎರಡನೆಯದು, ಋಣದ ಮಾತು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಮೆರಿಂಗ್ ಮೇದೋಜೀರಕವನ್ನು ತೆಗೆದುಹಾಕಿ ಸಕ್ಕರೆ ರೋಗ ಬರುವುದನ್ನು ಕಂಡದ್ದು ನಾಯಿಯಲ್ಲಿ. 1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಸಾರವನ್ನು ಪರೀಕ್ಷಿಸಿದ್ದೂ ನಾಯಿಗಳ ಮೇಲೆಯೇ. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನ ಜೀವ ಉಳಿದದ್ದು ದನಗಳ ಮೇದೋಜೀರಕದಿಂದ ತೆಗೆದ ಔಷಧಿಯಿಂದ. ಅನಂತರ ದಶಕಗಳ ಕಾಲ ಮನುಷ್ಯರು ಬದುಕಿದ್ದು ದನ, ಹಂದಿಗಳ ಇನ್ಸುಲಿನ್ನಿನಿಂದ. ಇಂದು ಅತ್ತೆಯ ಬೆರಳು ಹಿಡಿಯುವ ಸೊಸೆಯ ಕೈಯಲ್ಲಿ ಆ ಪ್ರಾಣಿಗಳ ಪಾಲೂ ಇದೆ.

ಎಲ್ಲರೂ ಯಂತ್ರ ಕೊಳ್ಳಬೇಕಾಗಿಲ್ಲ. ಬೆಕ್ಕಿಗೆ ಇಡುವ ನೀರಿನ ಬಟ್ಟಲನ್ನು ದಿನವೂ ಒಂದೇ ಗೆರೆಯವರೆಗೆ ತುಂಬಿಸಿ, ಸಂಜೆ ಎಷ್ಟು ಉಳಿದಿದೆ ಎಂದು ನೋಡುವುದಕ್ಕೆ ಖರ್ಚಿಲ್ಲ. ತಿಂಗಳಿಗೊಮ್ಮೆ ಬೆಕ್ಕನ್ನು ಚೀಲದಲ್ಲಿಟ್ಟು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೂ ಸಾಕು. ನೀರು ಹೆಚ್ಚುತ್ತ ತೂಕ ಇಳಿಯುತ್ತ ಬಂದರೆ, 'ವಯಸ್ಸಾಯಿತು' ಎನ್ನುವ ಮೊದಲು ಪಶುವೈದ್ಯರನ್ನು ಕಾಣಿರಿ.