ಟ್ರುಗನಿನಾ ಪತ್ರ – 9: ಬೈಗುಳಕ್ಕಿಂತ ನಮ್ಮವರ ಮೌನ ದೊಡ್ಡದು

ಹೋದ ಸಲ ಇಲ್ಲಿನ ಚಳಿ, ಮನೆ ಬಾಡಿಗೆ ಅಂತ ಬರೆದಿದ್ದೆ. ಈ ಸಲ ಜಗಳ ಮಾಡೋಕೆ ಬಂದಿದೀನಿ. ಬೇರೆ ಯಾರ ಜೊತೆಗೂ ಅಲ್ಲ, ನಿಮ್ಮ ಜೊತೆನೇ.

ನಾನು ಹಾಡಿನ ವಿಡಿಯೋ ಹಾಕಿದಾಗಲೆಲ್ಲ ನಿಮ್ಮಿಂದ ಎರಡು ಸಲಹೆ ಬರುತ್ತೆ. ಒಂದು: "ಕೆಟ್ಟದಾಗಿ ಬರೆಯೋರನ್ನ ತಲೆಗೆ ಹಚ್ಕೋಬೇಡ, ಪಾಸಿಟಿವ್ ಆಗಿರು." ಇನ್ನೊಂದು: "ಯಾಕೆ ಬೇಕು ಊರ ಉಸಾಬರಿ, ಡಿಲೀಟ್ ಮಾಡಿಬಿಡು." ಹೇಳೋರ ಮನಸ್ಸು ಒಳ್ಳೇದೇ, ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. ಬೈದವನಿಗೆ ಯಾವ ಕೆಲಸನೂ ಇಲ್ಲ. ನೋಡಿ ಸುಮ್ಮನಾದ ನಮಗೂ ಇಲ್ಲ. ತಡ್ಕೊಳ್ಳೋ ಕೆಲಸ, ಅಳಿಸೋ ಕೆಲಸ ಎರಡೂ ಹಾಡಿದವಳ ತಲೆ ಮೇಲೆ! ಇದ್ಯಾವ ನ್ಯಾಯ ಮಾರಾಯ್ರೆ?

ನನ್ನ ಹಾಡು ಎಂಥದ್ದು ಅಂತ ನಿಮಗೆಲ್ಲ ಗೊತ್ತು. ಸುಗಮ ಸಂಗೀತ ಕಲಿತಿದ್ದು ಹೈಸ್ಕೂಲಲ್ಲಿ ಎರಡು ವರ್ಷ, ಅಷ್ಟೇ. ಮೇಲಿನ ಷಡ್ಜಕ್ಕೆ ಹೋದರೆ ದನಿ ಒಡೆಯುತ್ತೆ. ನೈಟ್ ಶಿಫ್ಟ್ ಮುಗಿಸಿ, ಲಾರಿಗಳ ಸಾಲಿನ ಮಧ್ಯೆ ಫ್ರೀವೇಲಿ ಟ್ರುಗನಿನಾ ಕಡೆ ಬರ್ತಾ ಕಾರಲ್ಲಿ ಹಾಡ್ಕೋತೀನಿ. ರಾತ್ರಿಯೆಲ್ಲ ಇಂಗ್ಲಿಷಲ್ಲೇ ಮಾತಾಡಿ ದಣಿದ ನಾಲಿಗೆಗೆ ಅದು ಊಟ ಇದ್ದ ಹಾಗೆ. ರಜಾ ದಿನ ಒಂದು ಭಾವಗೀತೆ ರೆಕಾರ್ಡ್ ಮಾಡಿ ಹಾಕ್ತೀನಿ. ದುಡ್ಡಿಗಲ್ಲ, ಹೆಸರಿಗಲ್ಲ. ಹವ್ಯಾಸ.

"ಹವ್ಯಾಸ ತಾನೇ" ಅಂತ ಹಗುರ ಮಾಡೋರಿಗೆ ನಮ್ಮ ಊರಿನದೇ ಉದಾಹರಣೆ ಕೊಡ್ತೀನಿ. ಶಿವಮೊಗ್ಗ ಸುಬ್ಬಣ್ಣ ಅವರು ವೃತ್ತಿಯಲ್ಲಿ ವಕೀಲರು. 'ಕಾಡು ಕುದುರೆ' ಚಿತ್ರದ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ತಗೊಂಡ ಮೊದಲ ಕನ್ನಡಿಗ ಅವರು. ಸಿ. ಅಶ್ವಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ನೌಕರಿ ಮಾಡಿದವರು. ಆಫೀಸು, ಕೋರ್ಟು ಮುಗಿಸಿ ಹಾರ್ಮೋನಿಯಂ ಮುಂದೆ ಕೂತವರಿಂದಲೇ ನಮ್ಮ ಭಾವಗೀತೆ ಮನೆ ಮನೆಗೆ ಬಂದಿದ್ದು. ನಾನು ಅವರ ಕಾಲ ಧೂಳಿಗೂ ಸಮ ಇಲ್ಲ, ಅದು ಬೇರೆ ಮಾತು. ಆದರೆ ಹೊಟ್ಟೆಪಾಡಿಗೆ ಒಂದು ಕೆಲಸ, ಜೀವಕ್ಕೆ ಒಂದು ಹಾಡು ಅನ್ನೋದು ಫೇಸ್‌ಬುಕ್ ಬಂದ ಮೇಲೆ ಹುಟ್ಟಿದ ಶೋಕಿ ಅಲ್ಲ.

ಹೀಯಾಳಿಸೋದೂ ಹೊಸದಲ್ಲ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಚಿಕ್ಕವರಿದ್ದಾಗ ಬೀದೀಲಿ ನಡೆದು ಹೋದರೆ ಮೇಲ್ಜಾತಿಯವರು ಮನೆಯಿಂದ ಹೊರಗೆ ಬಂದು "ಗಾನೇವಾಲಿ" ಅಂತ ಅಣಕಿಸ್ತಿದ್ದರು. ಅದನ್ನ ಅವರೇ ಹೇಳ್ಕೊಂಡಿದಾರೆ. ಮುಂದೆ ಗಂಟಲಿನ ಚಿಕಿತ್ಸೆ ಆಗಿ ದನಿ ಗಂಡಸರ ದನಿ ಥರ ದಪ್ಪ ಆಯ್ತು. ಅದೇ ದನೀಲಿ ಹಾಡಿ 2002ರಲ್ಲಿ ಪದ್ಮವಿಭೂಷಣ ತಗೊಂಡರು. ಅವರಿಗೆ ಸಂಗೀತ ಹವ್ಯಾಸ ಆಗಿರಲಿಲ್ಲ, ಬದುಕೇ ಅದಾಗಿತ್ತು. ಆದರೂ ಈ ಕತೇಲಿ ನಾವು ಕಲಿಯೋ ಪಾಠ ಇರೋದು ಅವರ ತಾಯಿ ಹತ್ತಿರ. ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತ ಬಲ್ಲವರು. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಂದರೆ ಆಗಬಾರದು ಅಂತ ತಾವು ಹಾಡೋದನ್ನೇ ನಿಲ್ಲಿಸಿದರು. ಬೀದಿ ಪೂರ್ತಿ ಅಣಕಿಸಿದರೂ ಮನೆಯೊಳಗೆ ಒಬ್ಬರು ಗಟ್ಟಿಯಾಗಿ ನಿಂತಿದ್ದರು.

ಹತ್ತಿರದ್ದು ಬೇಕಾ? 2017ರ ಮಾರ್ಚ್, ಜೀ ಕನ್ನಡದ ಸರಿಗಮಪ. ನಮ್ಮ ಸಾಗರದ ಕಡೆ ಹುಡುಗಿ ಸುಹಾನಾ ಸಯ್ಯದ್ ಹಿಜಾಬ್ ಹಾಕ್ಕೊಂಡು ಬಂದು 'ಗಜ' ಚಿತ್ರದ ಭಕ್ತಿಗೀತೆ ಹಾಡಿದರು. ಫೇಸ್‌ಬುಕ್ ಪುಟವೊಂದರಲ್ಲಿ ಅವರ ಮೇಲೆ ಬೈಗುಳ ಶುರುವಾಯ್ತು. ಹೆತ್ತವರನ್ನೂ ಎಳೆದು ತಂದರು. ಹೆಣ್ಣುಮಕ್ಕಳನ್ನ ಹೀಗೆ ಕಟ್ಟಿಹಾಕೋರು ಎಲ್ಲ ಜಾತಿ, ಎಲ್ಲ ಧರ್ಮದಲ್ಲೂ ಇದಾರೆ, ನಮ್ಮ ಮನೇಲೂ ಇದಾರೆ. ಹಾಗಾಗಿ ಯಾರೂ ಬೇರೆಯವರ ಕಡೆ ಬೆರಳು ತೋರಿಸೋ ಹಾಗಿಲ್ಲ. ಗಮನಿಸಬೇಕಾದ್ದು ಆಮೇಲೆ ಆಗಿದ್ದು. ಎರಡೂ ಧರ್ಮದ ಜನ ಅವರ ಪರವಾಗಿ ಬಹಿರಂಗವಾಗೇ ಮಾತಾಡಿದರು. ಸುಹಾನಾ ಹಾಡು ನಿಲ್ಲಿಸಲಿಲ್ಲ. ಅವತ್ತು ನಾವೆಲ್ಲ ಅವರ ವಿಡಿಯೋ ಶೇರ್ ಮಾಡಿ "ಭೇಷ್ ಮಗಳೇ" ಅಂತ ಬರೆದವರೇ ಅಲ್ವಾ?

ಈಗ ನಮ್ಮ ಮನೆ ಮಗಳ ಮಾತು. ಅವಳನ್ನ ಕೇಳಿಯೇ ಬರೀತಿದೀನಿ, ಹೆಸರು ಬೇಡ ಅಂದಿದಾಳೆ. ಹತ್ತೊಂಬತ್ತು ವರ್ಷ. ನನಗಿಂತ ನಾಲ್ಕು ಪಾಲು ಚೆನ್ನಾಗಿ ಹಾಡ್ತಾಳೆ. ಒಂದು ರೀಲ್ ಹಾಕಿದಳು. ಯಾರೋ ಇಬ್ಬರು ಅವಳ ಬಣ್ಣದ ಬಗ್ಗೆ, ಹಲ್ಲಿನ ಬಗ್ಗೆ ಹೊಲಸಾಗಿ ಬರೆದರು. ಅದನ್ನ ಅವಳು ನೋಡೋ ಮೊದಲೇ ನಮ್ಮವರೊಬ್ಬರು ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ "ನೋಡಿ, ಇದೆಲ್ಲ ಬೇಕಿತ್ತಾ?" ಅಂದರು. ಗ್ರೂಪಲ್ಲಿ ಅರವತ್ತು ಚಿಲ್ಲರೆ ಜನ. ಹಾಡು ಹೇಗಿತ್ತು ಅಂತ ಒಬ್ಬರೂ ಬರೆಯಲಿಲ್ಲ. "ನಾಳೆ ಗಂಡಿನ ಕಡೆಯವರು ನೋಡಿದರೆ?" ಅಂತ ಮಾತ್ರ ಬಂತು. ರೀಲ್ ಹೋಯ್ತು. ಈಗ ಅವಳು ದೇವರ ಮುಂದೆ ದೀಪ ಹಚ್ಚುವಾಗಲೂ ಹಾಡಲ್ವಂತೆ.

ಹೇಳಿ, ಅವಳ ಬಾಯಿ ಮುಚ್ಚಿಸಿದ್ದು ಯಾರು? ಮುಖ ಇಲ್ಲದ ಆ ಇಬ್ಬರಾ? ಅವರು ಬರೆದು ಹತ್ತು ನಿಮಿಷಕ್ಕೆ ಮರೆತಿರ್ತಾರೆ. ಆ ಎರಡು ಸಾಲನ್ನ ಹೊತ್ತು ತಂದು ಅವಳ ಅಜ್ಜಿಯ ಮೊಬೈಲಿಗೆ ಮುಟ್ಟಿಸಿದ್ದು ನಾವು. ಅಂಚೆಯಣ್ಣನ ಕೆಲಸ ಮಾಡಿದ್ದು ನಾವು.

"ಹಾಗಂತ ಯಾರೂ ಏನೂ ಅನ್ನಬಾರದಾ? ಹೊಗಳಿಕೆ ಮಾತ್ರ ಬೇಕಾ?" ಅಂತ ಮಾವ ಕೇಳ್ತಾರೆ. ಅನ್ನಿ, ಧಾರಾಳವಾಗಿ ಅನ್ನಿ. "ಎರಡನೇ ಚರಣದಲ್ಲಿ ಶ್ರುತಿ ಬಿಟ್ಟೆ", "ತಾಳ ಓಡಿತು", "ಆ ಪದದ ಉಚ್ಚಾರ ತಪ್ಪು" ಅಂದರೆ ಅದು ಹಾಡಿನ ಬಗ್ಗೆ ಮಾತು. ಅದರಿಂದ ಮುಂದಿನ ಹಾಡು ಸುಧಾರಿಸುತ್ತೆ. ಮೈ ಬಣ್ಣ, ಸೀರೆ, ಜಾತಿ, "ಗಂಡ ಏನು ಮಾಡ್ತಿದಾನೆ" ಅನ್ನೋದು ಹಾಡಿನ ಬಗ್ಗೆ ಮಾತಲ್ಲ. ಈ ಎರಡಕ್ಕೂ ವ್ಯತ್ಯಾಸ ಗೊತ್ತಾಗೋಕೆ ಸಂಗೀತ ಬರಬೇಕಿಲ್ಲ.

"ತಲೆಗೆ ಹಚ್ಕೋಬೇಡ" ಅನ್ನೋದು ಹೇಳಿದಷ್ಟು ಸುಲಭನೂ ಅಲ್ಲ. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 2001ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಕಲೆಹಾಕಿ ತೋರಿಸಿದಾರೆ: ಮನಸ್ಸಿಗೆ ಒಳ್ಳೇದಕ್ಕಿಂತ ಕೆಟ್ಟದ್ದು ಜಾಸ್ತಿ ನಾಟುತ್ತೆ. ಒಂದು ಬೈಗುಳ ಹತ್ತು ಮೆಚ್ಚುಗೆ ನುಂಗಬಹುದು. ಹಾಗಿದ್ದ ಮೇಲೆ ಮೆಚ್ಚಿದ ಹತ್ತು ಜನಾನೂ ಸುಮ್ಮನಿದ್ದರೆ ಉಳಿಯೋದು ಬೈಗುಳ ಒಂದೇ ತಾನೇ?

ವಾರ್ಡಿನ ಮಾತು ಹೇಳ್ತೀನಿ. ಪೇಷೆಂಟಿಗೆ ಹಚ್ಚಿದ ಮಾನಿಟರ್ ದಿನಕ್ಕೆ ಎಷ್ಟೋ ಸಲ ಕೂಗುತ್ತೆ. ಎಷ್ಟೋ ಸಲ ಏನೂ ಆಗಿರಲ್ಲ, ವೈರ್ ಸಡಿಲ ಆಗಿರುತ್ತೆ. ಎಲ್ಲದಕ್ಕೂ ಗಾಬರಿ ಬಿದ್ದರೆ ನರ್ಸ್ ಸುಸ್ತಾಗ್ತಾಳೆ. ಕೂಗೋದು ಅಭ್ಯಾಸ ಆಗಿ ಕಿವಿಗೇ ಬೀಳದೆ ಹೋದರೆ ಇನ್ನೂ ಅಪಾಯ. ಹಾಗಂತ ಮಾನಿಟರನ್ನೇ ಆರಿಸ್ತೀವಾ? ಆ ಪೇಷೆಂಟಿಗೆ ತಕ್ಕ ಹಾಗೆ ಅಲಾರಂ ಮಿತಿ ಸರಿಮಾಡ್ತೀವಿ, ಪಾಳಿ ಬದಲಾದಾಗ ಮುಂದಿನವಳಿಗೆ ಹೇಳ್ತೀವಿ. ಒಬ್ಬಳೇ ಇಪ್ಪತ್ನಾಲ್ಕು ಗಂಟೆ ನಿಲ್ಲಲ್ಲ.

ಹಾಡಿಗೂ ಹಾಗೇ. ಯಾರು ಕಾಮೆಂಟ್ ಮಾಡಬಹುದು ಅಂತ ಸೆಟ್ಟಿಂಗ್ಸಲ್ಲಿ ಮಿತಿ ಹಾಕಬಹುದು. ಕೆಲವು ಪದ ಇರೋ ಕಾಮೆಂಟ್ ತಾನಾಗೇ ಮರೆಯಾಗೋ ಹಾಗೆ ಮಾಡಬಹುದು. ಬೆದರಿಕೆ ಬಂದರೆ ಅಳಿಸೋ ಮೊದಲು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಗ್ರೂಪಿಗೆ ಹಾಕೋಕಲ್ಲ, ದೂರಿಗೆ. ಊರಲ್ಲಿ ಪೊಲೀಸ್ ಠಾಣೆ ಇದೆ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ ಇದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಈ-ಸೇಫ್ಟಿ ಕಮಿಷನರ್ ಇದಾರೆ. 2021ರ ಆನ್‌ಲೈನ್ ಸುರಕ್ಷತಾ ಕಾಯ್ದೆ ಪ್ರಕಾರ, ದೊಡ್ಡವರ ಮೇಲೆ ಗಂಭೀರ ಕಿರುಕುಳ ಆದರೆ ಅಂಥ ಪೋಸ್ಟ್ ತೆಗೆಸೋ ಅಧಿಕಾರ ಅವರಿಗಿದೆ. ಬರೀ ಒರಟು ಮಾತಿಗೆಲ್ಲ ಆ ಕಾಯ್ದೆ ಬರಲ್ಲ. ಒರಟು ಮಾತಿಗೆ ಮದ್ದು ನಮ್ಮ ಹತ್ತಿರಾನೇ ಇರೋದು.

ಆ ಮದ್ದು ಬರೆದು ಕೊಡ್ತೀನಿ, ಚೀಟಿ ಕಳ್ಕೋಬೇಡಿ. ನಮ್ಮವರು ಹಾಡಲಿ, ರಂಗೋಲಿ ಹಾಕಲಿ, ಕಸೂತಿ ಮಾಡಲಿ, ಹಿಡಿಸಿದರೆ ಒಂದು ಸಾಲು ಬರೀರಿ. ಹೆಬ್ಬೆಟ್ಟು ಒತ್ತಿ ಓಡಬೇಡಿ, ಏನು ಹಿಡಿಸ್ತು ಅಂತ ಬರೀರಿ. ಹೊಲಸು ಮಾತು ಕಂಡರೆ ಹೊತ್ಕೊಂಡು ಊರೆಲ್ಲ ತಿರುಗಬೇಡಿ, ರಿಪೋರ್ಟ್ ಒತ್ತಿ ಅಲ್ಲೇ ಬಿಡಿ. ಹೆಣ್ಣುಮಕ್ಕಳಿಗೆ "ಡಿಲೀಟ್ ಮಾಡು" ಅನ್ನೋ ಮೊದಲು "ನಾವಿದೀವಿ" ಅನ್ನಿ. ಗಂಡಿನ ಕಡೆಯವರ ಚಿಂತೆ ಅಕ್ಕನಿಗೆ ಬೇಡ. ಹಾಡಿದ್ದಕ್ಕೆ ಬೇಡ ಅನ್ನೋ ಮನೆ ಎಂಥದ್ದು ಅಂತ ಮದುವೆಗೆ ಮೊದಲೇ ಗೊತ್ತಾದರೆ ಒಳ್ಳೇದೇ ಅಲ್ವಾ?

ನಾನು ಭಾನುವಾರ ಹಾಡ್ತೀನಿ, ದನಿ ಒಡೆದರೂ ಹಾಡ್ತೀನಿ. ಆದರೆ ಈ ಪೋಸ್ಟಿಗೆ ನನಗೆ ಲೈಕ್ ಬೇಡ. ಚಿಕ್ಕಮ್ಮ, ಅತ್ತೆ, ಮಾವ, ಅಣ್ಣಂದಿರೇ, ಇವತ್ತು ಸಂಜೆ ಒಬ್ಬೊಬ್ಬರಾಗಿ ಆ ಹುಡುಗಿಗೆ ಫೋನ್ ಮಾಡಿ. ಬುದ್ಧಿ ಹೇಳಬೇಡಿ, ಸಮಾಧಾನನೂ ಬೇಡ. "ಒಂದು ಹಾಡು ಹೇಳೇ" ಅಂತ ಕೇಳಿ, ಅಷ್ಟೇ.