ಉಬ್ಬರದ ವಿದ್ಯುತ್: ಪ್ರಯೋಗ ನಡೆಯಲಿ, ಅಳಿವೆ ಉಳಿಯಲಿ

ಉಬ್ಬರವಿಳಿತದಿಂದ ದೇಶದಲ್ಲಿ 12,455 ಮೆಗಾವಾಟ್ ವಿದ್ಯುತ್ ಸಾಧ್ಯವೆಂಬ ಅಂದಾಜಿದ್ದರೂ ಉತ್ಪಾದನೆ ಶೂನ್ಯ. ಪ್ರಾಯೋಗಿಕ ಘಟಕವೊಂದನ್ನಾದರೂ ಸ್ಥಾಪಿಸಿ ಎಂದು ಸಂಸತ್ತಿನ ಇಂಧನ ಸ್ಥಾಯಿ ಸಮಿತಿ 2021ರಲ್ಲೇ ಹೇಳಿತ್ತು. ಕಛ್‌ನ 50 ಮೆಗಾವಾಟ್ ಮತ್ತು ಸುಂದರಬನದ 3.75 ಮೆಗಾವಾಟ್ ಯೋಜನೆಗಳೆರಡೂ ವೆಚ್ಚದ ಭಾರಕ್ಕೆ ನಿಂತುಹೋದವು. ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಹಾರುಬೂದಿ ಕಂಡಿರುವ ರಾಯಚೂರು ಜಿಲ್ಲೆಗೆ, ಸಮುದ್ರ ದೂರವಿರುವ ಪಾಮನಕಲ್ಲೂರಿನಂಥ ಊರಿಗೂ, ಕಲ್ಲಿದ್ದಲಿಗೆ ಪರ್ಯಾಯ ಹುಡುಕುವ ಈ ಮಾತು ಪರರ ಸುದ್ದಿಯಲ್ಲ. ಗಾಳಿ, ಬಿಸಿಲು ಕೈಕೊಡಬಹುದು. ಚಂದ್ರ ಸೂರ್ಯರ ಸೆಳೆತಕ್ಕೆ ಏರಿಳಿಯುವ ಕಡಲಿನ ವೇಳೆಯನ್ನು ವರ್ಷಗಳ ಮೊದಲೇ ಲೆಕ್ಕಹಾಕಬಹುದು.

ಆದರೆ ನೀರು ಎಷ್ಟು ಎತ್ತರ ಏರುತ್ತದೆಂಬುದೇ ಇಲ್ಲಿ ನಿರ್ಣಾಯಕ. ಎತ್ತರ ಇಮ್ಮಡಿಯಾದರೆ ಸಿಗುವ ಶಕ್ತಿ ನಾಲ್ಕು ಪಟ್ಟು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇಳಿತಕ್ಕೆ ಕೆಸರಿನಲ್ಲಿ ವಾಲಿ ನಿಂತ ದೋಣಿ ಆರೇಳು ಗಂಟೆಯೊಳಗೆ ಹಲವು ಮೀಟರ್ ಮೇಲೆ ತೇಲುತ್ತಿರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಈ ಏರಿಳಿತ ಸುಮಾರು ಎರಡು ಮೀಟರ್ ಮಾತ್ರ. ಇಷ್ಟಕ್ಕಾಗಿ ಅಘನಾಶಿನಿಯಂಥ ಅಳಿವೆಗೆ ಅಡ್ಡಗಟ್ಟೆ ಕಟ್ಟಿದರೆ ಉಪ್ಪುನೀರು, ಸಿಹಿನೀರಿನ ಲಯ ತಪ್ಪಿ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಭತ್ತವೂ ಬಳಚು ಎಂಬ ಚಿಪ್ಪುಜೀವಿ ಆರಿಸುವವರ ಬದುಕೂ ಹಾಳಾಗುತ್ತವೆ. ಫ್ರಾನ್ಸಿನ ಲಾ ರಾನ್ಸ್‌ನಲ್ಲಿ 1966ರಿಂದ 240 ಮೆಗಾವಾಟ್ ಸ್ಥಾವರ ನಡೆದಿದೆ, ನಿಜ. ಅಲ್ಲಿಯೂ ನಿರ್ಮಾಣ ಕಾಲದಲ್ಲಿ ನದೀಮುಖ ಮುಚ್ಚಿದ್ದರಿಂದ ಜಲಜೀವಿಗಳು ತೀವ್ರ ಹಾನಿ ಅನುಭವಿಸಿದವು. ಕೇಂದ್ರ ಸರ್ಕಾರ ಗುಜರಾತಿನ ಕೊಲ್ಲಿಯಲ್ಲಿ ಸಣ್ಣ ಪ್ರಾಯೋಗಿಕ ಘಟಕವೊಂದಕ್ಕೆ ತನ್ನ ಹಣ ಕೊಡಬೇಕು, ಅದರ ಖರ್ಚುವೆಚ್ಚವನ್ನು ಬಹಿರಂಗಪಡಿಸಬೇಕು. ಕರ್ನಾಟಕದ ಅಳಿವೆಗಳಿಗೆ ವಿದ್ಯುತ್ತಿನ ಹೆಸರಿನಲ್ಲಿ ಕಟ್ಟೆ ಬೇಡ.